ಮರೆವಿನವರ ಆರೈಕೆ ಮನೆ: ರಾತ್ರಿ ಪಾಳಿಗೂ ನರ್ಸ್ ಕಡ್ಡಾಯ ಬೇಕೇ?

ಪರ: ಉಡುಪಿಯ ಒಬ್ಬ ಶಿಕ್ಷಕಿ

ನಮ್ಮ ಕಡೆ ‘ಹೋಂ ನರ್ಸ್’ ಅಂದರೆ ನರ್ಸ್ ಅಲ್ಲ. ಸ್ನಾನ ಮಾಡಿಸಿ, ಡೈಪರ್ ಬದಲಿಸಿ, ಗಂಜಿ ಕುಡಿಸುವ ಹುಡುಗಿ. ಅವಳ ಕೆಲಸ ಸಣ್ಣದು ಅಂತ ಹೇಳುತ್ತಿಲ್ಲ. ಆದರೆ ಮೂರು ವರ್ಷ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಓದಿದವರು ನೋಡುವ ಕಣ್ಣೇ ಬೇರೆ.

ಅಮ್ಮನಿಗೆ 78, ಅಲ್ಜೈಮರ್. ನಾವು ಅವರನ್ನು ಬಿಟ್ಟಿದ್ದ ಆರೈಕೆ ಮನೆಯಲ್ಲಿ ನರ್ಸ್ ಸಂಜೆ ಆರಕ್ಕೆ ಹೊರಡುತ್ತಿದ್ದರು. ಆಮೇಲೆ 14 ಜನರಿಗೆ ಇಬ್ಬರು ಆಯಾ. ಒಂದು ರಾತ್ರಿ ಅಮ್ಮ ಇದ್ದಕ್ಕಿದ್ದ ಹಾಗೆ ಕೂಗಾಡಿದರಂತೆ. ಹಾಸಿಗೆ ತುಂಬ ಇರುವೆ ಅಂತ ಕೊಡವುತ್ತಲೇ ಇದ್ದರಂತೆ. ಡಾಕ್ಟರು ‘ಬೇಕಾದರೆ ಮಾತ್ರ’ ಅಂತ ಬರೆದುಕೊಟ್ಟ ನಿದ್ದೆ ಮಾತ್ರೆ ಇತ್ತು. ಆಯಾ ಅದನ್ನು ಕೊಟ್ಟಳು. ಬೇಕೋ ಬೇಡವೋ ಅಂತ ತೀರ್ಮಾನಿಸುವವರು ಯಾರು? ಇಡೀ ವಾದ ಇಷ್ಟೇ.

ಬೆಳಿಗ್ಗೆ ನಾನು ಹೋದಾಗ ಕರೆದರೂ ಅಮ್ಮ ಕಣ್ಣು ಬಿಡಲಿಲ್ಲ. ಆಗಿದ್ದದ್ದು ಮೂತ್ರದ ಸೋಂಕು. ವಯಸ್ಸಾದವರಲ್ಲಿ ಜ್ವರ ಇಲ್ಲದೆಯೂ ಸೋಂಕು ಬರೀ ಗಲಿಬಿಲಿಯಾಗಿ ಕಾಣಿಸಬಹುದು. ಡೆಲೀರಿಯಂ ಅನ್ನುತ್ತಾರೆ. ಮರೆವು ವರ್ಷಗಟ್ಟಲೆ ಬೆಳೆಯುತ್ತದೆ, ಇದು ಒಂದೆರಡು ದಿನದಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ ಬರುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದವರು ಆ ರಾತ್ರಿ ಇರಬೇಕಿತ್ತು. ಹನ್ನೊಂದು ದಿನ ಆಸ್ಪತ್ರೆ. ಅಮ್ಮ ಆಮೇಲೆ ನಡೆಯಲೇ ಇಲ್ಲ. ರಿಜಿಸ್ಟರಿನಲ್ಲಿ ಆ ರಾತ್ರಿಯ ಸಾಲಿಗೆ ಬರೆದದ್ದು: ‘ಚೆನ್ನಾಗಿ ಮಲಗಿದರು.’

ಮರೆವಿನವರ ರಂಪ ಅಡಗಿಸಲು ಕೊಡುವ ಮನೋರೋಗದ ಮಾತ್ರೆಗಳಿಂದ ಸಾವಿನ ಅಪಾಯ ಜಾಸ್ತಿ ಅಂತ ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಸಿದ್ದಾರೆ. ಅಂಥ ಮಾತ್ರೆಯೂ ಈ ಮನೆಗಳಲ್ಲಿ ಇರುತ್ತದೆ. ಅದಕ್ಕೂ ‘ಬೇಕಾದರೆ’ ಅಂತ ಬರೆದಿದ್ದರೆ, ತೀರ್ಮಾನಿಸುವವರು ಯಾರು?

ಖರ್ಚು ಅಂತೀರಾ? ಇಷ್ಟೊಂದು ನರ್ಸಿಂಗ್ ಕಾಲೇಜು ಇರುವ ಮಂಗಳೂರು, ಉಡುಪಿಯಲ್ಲಿ ನರ್ಸ್ ಸಿಗುವುದಿಲ್ಲ ಅಂದರೆ ನಂಬಬೇಕಾ?

ವಿರೋಧ: ಮಂಗಳೂರಿನ ಒಬ್ಬ ನಿವೃತ್ತ ಬ್ಯಾಂಕ್ ನೌಕರ

ಪಕ್ಷ ಹಂಚುವಾಗ ನನಗೆ ಸಿಕ್ಕಿದ್ದು ವಿರೋಧ. ರಾತ್ರಿ ನರ್ಸ್ ಇದ್ದರೆ ಕೆಟ್ಟದು ಅಂತ ಯಾರು ತಾನೇ ಹೇಳ್ತಾರೆ? ಕಡ್ಡಾಯ ಬೇಡ ಅಂತ ಮಾತ್ರ ಹೇಳುತ್ತೇನೆ.

ಕಾಲೇಜು ಇವೆ, ಸರಿ. ಓದಿ ಮುಗಿಸಿದವರು ಎಲ್ಲಿದ್ದಾರೆ? ಕೊಲ್ಲಿಯಲ್ಲಿ, ಬ್ರಿಟನ್ನಿನಲ್ಲಿ, ಈಗೀಗ ಜರ್ಮನಿಯಲ್ಲಿ. ಲೆಕ್ಕ ಹಾಕುವುದು ನನ್ನ ಹಳೇ ಚಾಳಿ. ಹಗಲು ರಾತ್ರಿ ಒಬ್ಬ ನರ್ಸ್ ಇರಬೇಕಾದರೆ ಮೂರು ಪಾಳಿ, ವಾರದ ರಜೆ ಎಲ್ಲ ಸೇರಿ ನಾಲ್ಕೈದು ಜನ ಬೇಕು. ಎಂಟು ಹಾಸಿಗೆಯ ಮನೆಗೆ ಐದು ಸಂಬಳ! ಬಿಲ್ಲು ಯಾರ ತಲೆಗೆ? ಇವತ್ತು ನರ್ಸ್, ನಾಳೆ ವೆಂಟಿಲೇಟರ್ ಅಂತೀರಿ. ಅದು ಮನೆಯೋ ಐಸಿಯುವೋ? ಮೂತ್ರದ ಸೋಂಕು ಸ್ವಂತ ಮನೆಯಲ್ಲಿ ಇದ್ದವರಿಗೂ ಬರುತ್ತದೆ. 108ಕ್ಕೆ ಫೋನ್ ಮಾಡಿದರೆ ಆಯ್ತು.

ನನ್ನ ಭಾವನವರ ವಿಷಯ ಹೇಳ್ತೇನೆ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದವರು. ಮೊದಲು ಇಂಗ್ಲಿಷ್ ಹೋಯಿತು, ಆಮೇಲೆ ಕನ್ನಡ. ಉಳಿದದ್ದು ತುಳು ಒಂದೇ. ಅವರಿದ್ದ ಮನೆಯಲ್ಲಿ ರಾತ್ರಿಯೂ ನರ್ಸ್ ಇದ್ದರು, ಹೊರರಾಜ್ಯದವರು. ಬಿಪಿ, ಶುಗರ್ ಎಲ್ಲ ಚೊಕ್ಕವಾಗಿ ಬರೆದಿಡುತ್ತಿದ್ದರು. ಭಾವ ಎರಡು ರಾತ್ರಿ ‘ಬಂಜಿ ಬೇನೆ, ಬಂಜಿ ಬೇನೆ’ ಅಂತ ನರಳಿದರು. ಹೊಟ್ಟೆನೋವು ಅಂತ ಆ ನರ್ಸಿಗೆ ಹೇಗೆ ಗೊತ್ತಾಗಬೇಕು? ಮೂರನೇ ರಾತ್ರಿ ಪಾಳಿಗೆ ಬಂದ ಕಾರ್ಕಳದ ಆಯಾ ಕೇಳಿದ ತಕ್ಷಣ ಹೊಟ್ಟೆ ಮುಟ್ಟಿ ನೋಡಿದರು. ಐದು ದಿನದಿಂದ ಕಕ್ಕಸಿಗೆ ಹೋಗಿರಲಿಲ್ಲ. ಎಸ್‌ಎಸ್‌ಎಲ್‌ಸಿಯನ್ನೂ ದಾಟದ ಹೆಂಗಸು.

ಕಡ್ಡಾಯ ಮಾಡುವುದೇ ಆದರೆ ತುಳು, ಕೊಂಕಣಿ, ಬ್ಯಾರಿ ಬರುವವರನ್ನು ಮಾಡಿ. ಆ ನರ್ಸಿಗೆ ತುಳುವೂ ಬರುತ್ತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲವೇನೋ.

ಕಾರ್ಕಳದ ಆ ಅಕ್ಕ ಹೋದ ತಿಂಗಳು ಕೆಲಸ ಬಿಟ್ಟರು. ಗೇರುಬೀಜದ ಫ್ಯಾಕ್ಟರಿಯಲ್ಲಿ ರಾತ್ರಿ ನಿದ್ದೆಯಾದರೂ ಸಿಗುತ್ತದೆ ಅಂದರು.