ಹಗ್ಗವನ್ನಾದರೂ ಬಿಚ್ಚಿ ಹೋಗಿ

ನಿನ್ನೆ ಸಂಜೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಮೊಬೈಲ್‌ನಲ್ಲಿ ಯುಕ್ರೇನ್ ಯುದ್ಧದ ಹಳೇ ವಿಡಿಯೋ ನೋಡುತ್ತಿದ್ದರು. ಒಬ್ಬ ಹೆಂಗಸು ದೊಡ್ಡದೊಂದು ಮುದಿ ನಾಯಿಯನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾಳೆ. ನಾಯಿಯ ಹಿಂಗಾಲು ಜೋತುಬಿದ್ದಿವೆ. ಸುತ್ತ ಹಿಮ. ಹುಡುಗರು ನಕ್ಕರು. "ಲೇ, ಮನುಷ್ಯಾರ ಸಾಯಾಕತ್ತಾರ, ಈಕಿಗೆ ನಾಯಿ ಚಿಂತಿ ನೋಡು." ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಅದಕ್ಕೆ ದನಿಗೂಡಿಸಿದರು. "ರೊಕ್ಕ ಇದ್ದವರ ಆಟ ಇವು. ನಮ್ಮ ರಾಣೆಬೆನ್ನೂರ ಕಡೆ ಹುಡುಗ ಅಲ್ಲೇ ಸತ್ತ. ಆವಾಗ ಇವರು ವಿಮಾನದಾಗ ನಾಯಿ ಬೆಕ್ಕು ತಂದ್ರು."

ಸುಮ್ನೆ ಇರಬೇಕಿತ್ತೇನೋ, ಆಗಲಿಲ್ಲ. "ಯಜಮಾನ್ರ, ಆ ನಾಯಿ ಯಾರ ಜೀವಾನೂ ಕಸಗೊಂಡಿಲ್ರಿ" ಅಂದೆ. ಧ್ವನಿ ಸ್ವಲ್ಪ ಜೋರಾಗಿಯೇ ಇತ್ತು, ನಾಲ್ಕು ಜನ ತಿರುಗಿ ನೋಡಿದರು. ಅವರು "ನಿಮಗ ತಿಳಿಯಂಗಿಲ್ಲ ಬಿಡ್ರಿ ಅಕ್ಕಾರ" ಅಂದು ಉಣಕಲ್ಲಿನಲ್ಲಿ ಇಳಿದು ಹೋದರು. ರಾತ್ರಿ ನಿದ್ದೆ ಹತ್ತಲಿಲ್ಲ. ಅವರಿಗೆ ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಜಮಾನರು ಹೇಳಿದ, ರಾಣೆಬೆನ್ನೂರ ಕಡೆಯ ಹುಡುಗನ ವಿಷಯ. ಚಳಗೇರಿಯ ಆ ಹುಡುಗ 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕೀವ್‌ನಲ್ಲಿ ದಿನಸಿ ತರಲು ಹೋದವನು ಶೆಲ್ ದಾಳಿಗೆ ಸಿಕ್ಕು ಸತ್ತ. ಮೂರು ವಾರ ಕಾದ ಮೇಲೆ ಮಗನ ದೇಹ ಊರಿಗೆ ಬಂತು. ಆ ತಂದೆ ತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅವತ್ತು ಈ ಜಿಲ್ಲೆಗಳಲ್ಲಿ ಅಳದವರು ಯಾರು? ನಾನೂ ಅತ್ತಿದ್ದೇನೆ. ಆದರೆ ಅವನನ್ನು ಕೊಂದದ್ದು ಯುದ್ಧ. ಹಾಸ್ಟೆಲ್ ರೂಮಿನಲ್ಲಿ ಸಾಕಿದ ನಾಯಿಯನ್ನು ಬಿಟ್ಟು ಬರಲಾರದೆ ಎದೆಗೆ ಅವಚಿಕೊಂಡು ಗಡಿ ದಾಟಿದ ಇನ್ನೊಂದು ಮಗು ಅಲ್ಲ. ನಮ್ಮ ಕೇಂದ್ರ ಸರ್ಕಾರವೇ ಆಗ ಸಾಕುಪ್ರಾಣಿ ತರುವ ನಿಯಮವನ್ನು ಆ ಒಂದು ಸಲಕ್ಕೆ ಸಡಿಲ ಮಾಡಿತ್ತು. ಒಂದು ಸಾವಿನ ದುಃಖವನ್ನು ಒಂದು ನಾಯಿಯ ತಲೆಗೆ ಕಟ್ಟಬೇಡಿ. ಆ ಹುಡುಗನಿಗೂ ಅದು ಮರ್ಯಾದೆ ಅಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. "ಮೊದಲು ಮನುಷ್ಯರು" ಅನ್ನುವ ಮಾತನ್ನು ಯಾರೂ ಅಲ್ಲಗಳೆದಿಲ್ಲ. ಮೊದಲು ಮನುಷ್ಯರೇ, ಆಯ್ತು. ಆಮೇಲೆ? ಆ ಮಾತು ಆಡುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಕಾಡಿನ ಜಿಂಕೆಗೆ ಬಾಂಬಿನ ಸದ್ದು ಕೇಳಿದರೆ ಅದು ಓಡುತ್ತದೆ. ನಮ್ಮ ಮನೆಯ ಪ್ರಾಣಿ ಓಡುವುದಿಲ್ಲ, ಯಾಕಂದರೆ ನಾವು ಅದನ್ನು ಕಟ್ಟಿದ್ದೇವೆ. ಕೊರಳಿಗೆ ಹಗ್ಗ, ಮೂಗಿಗೆ ಮೂಗುದಾರ, ಬೋನಿಗೆ ಬೀಗ, ಎಲ್ಲ ನಮ್ಮದೇ. ಕಟ್ಟಿದ ಮೇಲೆ ಓಡಿಹೋಗುವಾಗ ಬಿಚ್ಚುವ ಕೆಲಸವೂ ನಮ್ಮದೇ ಅಲ್ವಾ?

ಕೀವ್ ಹತ್ತಿರ ಬೊರೊದ್ಯಾಂಕಾ ಅಂತ ಒಂದು ಊರಿದೆ. ಅಲ್ಲಿ ಬೀದಿನಾಯಿಗಳನ್ನು ಇಡುವ ಒಂದು ಕೇಂದ್ರ. 2022ರ ಫೆಬ್ರವರಿ ಕೊನೆಯಲ್ಲಿ ಯುದ್ಧ ಶುರುವಾಯಿತು, ನೋಡಿಕೊಳ್ಳುವವರು ಹೋದರು, ಬೋನುಗಳಿಗೆ ಹಾಕಿದ ಬೀಗ ಹಾಗೇ ಉಳಿಯಿತು. ಸ್ವಯಂಸೇವಕರು ಒಳಗೆ ಹೋಗಲು ಆಗಿದ್ದು ಏಪ್ರಿಲ್ ಹೊತ್ತಿಗೆ, ರಷ್ಯಾದ ಸೈನ್ಯ ಹಿಂದೆ ಸರಿದ ಮೇಲೆ. 485 ನಾಯಿಗಳಲ್ಲಿ 222 ಸತ್ತಿದ್ದವು. ಬಾಂಬಿಗೆ ಅಲ್ಲ, ಗುಂಡಿಗೆ ಅಲ್ಲ. ಅನ್ನ ನೀರಿಲ್ಲದೆ. ಯಾರಾದರೂ ಹೋಗುವ ಮುಂಚೆ ಕಾಲು ಗಂಟೆ ನಿಂತು ಚಿಲಕ ತೆಗೆದಿದ್ದರೆ ಎಷ್ಟು ಉಳಿಯುತ್ತಿದ್ದವೋ. ಈ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ. ಮನೆಯವರು ಕೇಳಿದರು, ಹೇಳಲಿಲ್ಲ.

ಯಾಕೆ ಅಂತ ಇವತ್ತು ಹೇಳುತ್ತೇನೆ.

ನಮ್ಮೂರು ನಿಮಗೆ ಗೊತ್ತು. ನರಗುಂದ ತಾಲೂಕು, ಕೊಣ್ಣೂರಿನ ಹತ್ತಿರ, ಮಲಪ್ರಭೆಯ ದಂಡೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಾನು ಊರಲ್ಲೇ ಇದ್ದೆ. ಪ್ರವಾಹದ ಕಥೆ ಎಲ್ಲರಿಗೂ ಹೇಳಿದ್ದೇನೆ, ಇದೊಂದನ್ನು ಯಾರಿಗೂ ಹೇಳಿಲ್ಲ. ನಸುಕಿನಲ್ಲಿ ಮೈಕಿನಲ್ಲಿ ಕೂಗಿಕೊಂಡು ಹೋದರು, ಎಲ್ಲರೂ ಎತ್ತರದ ಕಡೆ ಹೋಗಿ ಅಂತ. ಅಪ್ಪ ಎರಡು ಎಮ್ಮೆಗಳನ್ನು ಹೊಡೆದುಕೊಂಡು ಮುಂದೆ ಹೋದರು. ನನಗೆ ಹೇಳಿದ್ದು ಒಂದೇ ಕೆಲಸ, ಕರು ಬಿಚ್ಚಿಕೊಂಡು ಬಾ. ದನದ ಮನೆಯಲ್ಲಿ ಆಗಲೇ ಮೊಣಕಾಲುದ್ದ ನೀರು. ಕರು ನನ್ನನ್ನು ನೋಡಿ ಸುಮ್ಮನಾಯಿತು, ಕೂಗುತ್ತಿದ್ದದ್ದು ನಿಲ್ಲಿಸಿತು. ಬಿಚ್ಚುತ್ತಾಳೆ ಅಂದುಕೊಂಡಿತು. ಕಣ್ಣಿಯ ಗಂಟು ಒದ್ದೆಯಾಗಿ ಕಲ್ಲಿನಂತಾಗಿತ್ತು. ಉಗುರು ಕಿತ್ತಿತು, ಹಲ್ಲು ಹಚ್ಚಿದೆ, ಬಿಚ್ಚಲಿಲ್ಲ. ಕುಡುಗೋಲು ಅಲ್ಲೇ ಗೋಡೆಗೆ ಸಿಕ್ಕಿಸಿತ್ತು. ದಿನಾ ನೋಡುವ ಕುಡುಗೋಲು. ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಹೊರಗೆ ಅಣ್ಣ ಹೆಸರು ಹಿಡಿದು ಕೂಗುತ್ತಿದ್ದ. ನಾನು ಬಿಟ್ಟು ಬಂದೆ. ಅಪ್ಪನಿಗೆ ಕರು ಕೈ ತಪ್ಪಿಸಿಕೊಂಡು ಹೋಯಿತು ಅಂತ ಸುಳ್ಳು ಹೇಳಿದೆ. ನೀರು ಇಳಿದ ಮೇಲೆ ಎಲ್ಲರಿಗಿಂತ ಮೊದಲು ಒಳಗೆ ಹೋದ ಅಪ್ಪ ಏನು ಕಂಡರು ಅಂತ ನನಗೆ ಗೊತ್ತು. ಅವರು ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತೂ ಕೇಳಿಲ್ಲ.

ಅದಕ್ಕೇ ಯುದ್ಧದ ನಡುವೆ ಪ್ರಾಣಿ ಹೊತ್ತು ನಡೆಯುವವರನ್ನು ನೋಡಿ ಯಾರಾದರೂ ನಕ್ಕರೆ ನನಗೆ ತಡೆಯುವುದಿಲ್ಲ. ಅವರು ಬಿಚ್ಚಿದವರು. ನಾನು ಬಿಚ್ಚದವಳು.

ಒಂದು ಪ್ರಶ್ನೆ ನೀವು ಕೇಳೇ ಕೇಳುತ್ತೀರಿ, ಕಾಬೂಲ್ ಕಥೆ ಏನು ಅಂತ. 2021ರ ಆಗಸ್ಟ್ ಕೊನೆಯಲ್ಲಿ, ತಾಲಿಬಾನ್ ಕಾಬೂಲ್ ಹಿಡಿದ ಮೇಲೆ, ಬ್ರಿಟನ್ನಿನ ಒಬ್ಬ ಮಾಜಿ ಸೈನಿಕ ತಾನು ನಡೆಸುತ್ತಿದ್ದ ಆಶ್ರಯ ಕೇಂದ್ರದ 150ಕ್ಕೂ ಹೆಚ್ಚು ನಾಯಿ ಬೆಕ್ಕುಗಳನ್ನು ಬಾಡಿಗೆ ವಿಮಾನದಲ್ಲಿ ಕರೆದೊಯ್ದ. ಅವನ ಅಫ್ಘನ್ ಸಿಬ್ಬಂದಿಯನ್ನು ವಿಮಾನ ನಿಲ್ದಾಣದೊಳಗೆ ಬಿಡಲಿಲ್ಲ, ಅವರು ಹಿಂದೆ ಉಳಿದರು. ಅದು ನನಗೂ ನುಂಗಲಾಗದ ಸಂಗತಿ. ಆದರೆ ಪ್ರಾಣಿಗಳು ಹೋಗಿದ್ದು ಸಾಮಾನು ತುಂಬುವ ಜಾಗದಲ್ಲಿ. ಸಿಬ್ಬಂದಿಯನ್ನು ತಡೆದದ್ದು ಗೇಟಿನಲ್ಲಿದ್ದ ಬಂದೂಕು ಮತ್ತು ಕಾಗದಪತ್ರ. ಆ ನಾಯಿಗಳನ್ನು ಅಲ್ಲೇ ಬಿಟ್ಟಿದ್ದರೆ ಆ ಗೇಟು ತೆರೆಯುತ್ತಿತ್ತಾ? ಸಿಬ್ಬಂದಿ ಮುಂದಿನ ತಿಂಗಳು ಪಾಕಿಸ್ತಾನ ದಾಟಿ ಬಚಾವಾದರು.

ಅದೇ ಆಗಸ್ಟ್‌ನಲ್ಲಿ, ಅದೇ ಕಾಬೂಲಿನಿಂದ ನಮ್ಮವರೂ ನಾಯಿಗಳನ್ನು ತಂದರು. ಮಾಯಾ, ರೂಬಿ, ಬಾಬಿ. ನಮ್ಮ ರಾಯಭಾರ ಕಚೇರಿಯನ್ನು ಕಾಯುತ್ತಿದ್ದ ಐಟಿಬಿಪಿಯ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಮೂರು ನಾಯಿಗಳು. ವಾಯುಪಡೆಯ ವಿಮಾನದಲ್ಲಿ ಸಿಬ್ಬಂದಿಯ ಜೊತೆಗೇ ಬಂದಿಳಿದವು, ಟಿವಿಯಲ್ಲಿ ತೋರಿಸಿದರು, ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆಗ ಯಾರೂ "ಮೊದಲು ಮನುಷ್ಯರು" ಅನ್ನಲಿಲ್ಲ. ಅಂದರೆ ನಮಗೆ ಕೆಲಸ ಮಾಡಿಕೊಟ್ಟ ನಾಯಿ ಆದರೆ ಸರಿ, ಸುಮ್ಮನೆ ನಮ್ಮನ್ನು ನಂಬಿದ ನಾಯಿ ಆದರೆ ಹುಚ್ಚಾಟ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಯುದ್ಧದ ಕಾನೂನೂ ಅದೇ ಲೆಕ್ಕ ಹಾಕುತ್ತದೆ. ಜಿನೀವಾ ಒಪ್ಪಂದಕ್ಕೆ 1977ರಲ್ಲಿ ಸೇರಿಸಿದ ನಿಯಮಗಳಲ್ಲಿ 54ನೇ ಕಲಮು ಜಾನುವಾರುಗಳ ಹೆಸರು ಹೇಳುತ್ತದೆ. ಎಲ್ಲಿ? ಧಾನ್ಯ, ಬೆಳೆ, ಕುಡಿಯುವ ನೀರಿನ ಸಾಲಿನಲ್ಲಿ. ಜನ ಬದುಕಲು ಬೇಕಾದ ವಸ್ತುಗಳು, ನಾಶ ಮಾಡಬೇಡಿ ಅಂತ. ಅಷ್ಟಾದರೂ ಇದೆ, ಸರಿ. ಆದರೆ ಎಮ್ಮೆ ಜೋಳದ ಚೀಲ ಅಲ್ಲ. ಜೋಳದ ಚೀಲ ಬೆಂಕಿ ಕಂಡು ಹಗ್ಗ ಜಗ್ಗುವುದಿಲ್ಲ.

ಟೋಕಿಯೋದಲ್ಲಿ 1943ರಲ್ಲಿ ಏನಾಯಿತು ಅಂತ ಓದಿ. ಬಾಂಬ್ ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡಾವು ಅಂತ ಉಯೆನೋ ಮೃಗಾಲಯದ ಅಪಾಯಕಾರಿ ಪ್ರಾಣಿಗಳನ್ನು ಕೊಲ್ಲಲು ಹೇಳಿದರು. ಮೂರು ಆನೆಗಳನ್ನು ಉಪವಾಸ ಕೆಡವಿ ಕೊಂದರು. ಮನುಷ್ಯರು ಕಂಡಾಗಲೆಲ್ಲ ಅವು ಕಲಿಸಿದ ಆಟ ಮಾಡಿ ತೋರಿಸುತ್ತಿದ್ದವು, ಆಟ ಮಾಡಿದರೆ ತಿನ್ನಲು ಕೊಡುತ್ತಾರೆ ಅಂತ. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ಆನೆ ಬೇಕು ಅಂತ ನೆಹರೂ ಅವರಿಗೆ ಪತ್ರ ಬರೆದರು. 1949ರಲ್ಲಿ ಇಂದಿರಾ ಎಂಬ ಆನೆ ಹೋಯಿತು. ಅದು ನಮ್ಮ ಮೈಸೂರು ಸೀಮೆಯ ಆನೆ. ಮನುಷ್ಯರೇ ಸಾಯುತ್ತಿದ್ದ ಕಾಲದಲ್ಲಿ ಬೆಳೆದ ಮಕ್ಕಳು ಅವು. ಆ ಮಕ್ಕಳಿಗೆ ಆನೆಯ ಚಿಂತೆ ಯಾಕಿತ್ತು ಅಂತ ಬಸ್ಸಿನ ಆ ಯಜಮಾನರನ್ನು ಕೇಳಬೇಕಿತ್ತು.

ಇನ್ನೊಂದು. ಪ್ರಾಣಿ ಬಿಟ್ಟರೆ ಮನುಷ್ಯರು ಸಲೀಸಾಗಿ ಉಳಿಯುತ್ತಾರೆ ಅನ್ನುವುದೂ ತಪ್ಪು ಲೆಕ್ಕ. ನಮ್ಮ ಅತ್ತೆ ಎಮ್ಮೆ ಬಿಟ್ಟು ದೋಣಿ ಹತ್ತುವುದಿಲ್ಲ ಅಂತ ಮಾಳಿಗೆಯ ಮೇಲೆ ಒಂದು ರಾತ್ರಿ ಕೂತಿದ್ದರು. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದಲ್ಲೂ ಹೀಗೇ, ನಾಯಿ ಬೆಕ್ಕು ಬಿಟ್ಟು ಬರುವುದಿಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಉಳಿದರು. ಮುಂದಿನ ವರ್ಷವೇ ಅಲ್ಲಿ ಕಾನೂನು ಬಂತು, ಜನರನ್ನು ಸಾಗಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಇರಬೇಕು ಅಂತ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ತೀರಾ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದೂ ತಪ್ಪು ಅನ್ನುತ್ತದೆ, ಮೊದಲ ಸಲ ಸಿಕ್ಕರೆ ದಂಡ ಹೆಚ್ಚೆಂದರೆ 50 ರೂಪಾಯಿ. ಕಟ್ಟಿಟ್ಟು ಹೋಗಿ ಸಾಯಿಸಿದ್ದಕ್ಕೆ ಯಾರು ಕೇಳುತ್ತಾರೆ?

ಯುಕ್ರೇನಿಗೆ ಹೋಗಿ ಬೀಗ ಒಡೆಯಲು ನನ್ನಿಂದ ಆಗುವುದಿಲ್ಲ. ಆದರೆ ಮಳೆಗಾಲ ಇನ್ನೇನು ಬಂತು. ಹೊಳೆ ದಂಡೆಯ ಊರುಗಳಲ್ಲಿ ಮೈಕಿನಲ್ಲಿ ಕೂಗುವಾಗ "ದನ ಬಿಚ್ಚಿ ಬನ್ನಿ" ಅಂತ ಒಂದು ಮಾತು ಸೇರಿಸಲಿ. ಕಾಳಜಿ ಕೇಂದ್ರದ ಪಕ್ಕದಲ್ಲಿ ದನ ಕಟ್ಟಲು ಜಾಗ, ಮೇವು ಇರಲಿ. ಪಂಚಾಯ್ತಿಗಳಿಗೆ ಹೋಗಿ ಇಷ್ಟನ್ನು ಕೇಳೋಣ ಅಂತಿದ್ದೇನೆ. ಬರುವ ಭಾನುವಾರ ಹುಬ್ಬಳ್ಳಿಯಿಂದ ಹೊರಡುತ್ತೇನೆ, ಜೊತೆಗೆ ಬರುವವರು ತಿಳಿಸಿ.

ಮೊದಲು ನಮ್ಮ ಮನೆಗೇ ಹೋಗುತ್ತೇನೆ. ಅಪ್ಪನಿಗೆ ಒಂದು ಮಾತು ಹೇಳುವುದಿದೆ, ಏಳು ವರ್ಷವಾಗುತ್ತಾ ಬಂತು. ಆ ಪ್ರವಾಹದ ನಂತರ ಅಪ್ಪ ಯಾವ ದನಕ್ಕೂ ಬಿಗಿಗಂಟು ಹಾಕಿಲ್ಲ. ಜಾರುಗಂಟೇ ಹಾಕುತ್ತಾರೆ. ತುದಿ ಹಿಡಿದು ಒಮ್ಮೆ ಎಳೆದರೆ ಸಾಕು, ಒದ್ದೆಯಾಗಿದ್ದರೂ ಬಿಚ್ಚಿಕೊಳ್ಳುತ್ತದೆ.