ಬಾಗಿಲ ಪಕ್ಕದ ಕುದುರೆ

ಇಂಗ್ಲಿಷಿನಲ್ಲಿ 'ಹಾಬ್ಸನ್ಸ್ ಚಾಯ್ಸ್' ಅಂತ ಒಂದು ಮಾತಿದೆ. ಇರುವುದೊಂದೇ, ಬೇಕಾದರೆ ತಗೋ, ಇಲ್ಲದಿದ್ದರೆ ಬಿಡು ಅನ್ನುವ ಪರಿಸ್ಥಿತಿಗೆ ಹೀಗೆ ಹೇಳುತ್ತಾರೆ. ಕೆಲವರು ಇದನ್ನು 'ಅತ್ತ ದರಿ ಇತ್ತ ಪುಲಿ' ಅನ್ನುವ ಕಡೆಯೂ ಬಳಸುವುದುಂಟು. ಅದು ಬೇರೆ ಫಜೀತಿ.

ಆ ಹಾಬ್ಸನ್ ನಾನಿರುವ ಕೇಂಬ್ರಿಜ್‌ನವನೇ. ಲಂಡನ್ನಿಗೆ ಸರಕು, ಕಾಗದ ಸಾಗಿಸುವ ಗಾಡಿ ಇಟ್ಟಿದ್ದ. ಕುದುರೆಗಳನ್ನು ಬಾಡಿಗೆಗೂ ಕೊಡುತ್ತಿದ್ದ. ಈಗ ಸೇಂಟ್ ಕ್ಯಾಥರೀನ್ಸ್ ಕಾಲೇಜು ಇರುವ ಕಡೆ ಅವನ ಲಾಯವಿತ್ತು. ಬಾಡಿಗೆಗೆ ಬರುವವರಲ್ಲಿ ವಿದ್ಯಾರ್ಥಿಗಳೇ ಜಾಸ್ತಿ. ಹರೆಯದ ಹುಡುಗರು, ಮೇಲೆ ಬಾಡಿಗೆ ಕುದುರೆ, ಕೇಳಬೇಕೆ? ಎಲ್ಲರಿಗೂ ಚೆನ್ನಾಗಿ ಓಡುವುದೇ ಬೇಕು. ಹಾಗೆ ಬಿಟ್ಟಿದ್ದರೆ ಚುರುಕಾದ ನಾಲ್ಕು ಕುದುರೆ ದುಡಿದು ದುಡಿದು ಹಣ್ಣಾಗುತ್ತಿದ್ದವು, ಉಳಿದವು ಹುಲ್ಲು ತಿನ್ನುತ್ತಾ ನಿಂತಿರುತ್ತಿದ್ದವು. ಅದಕ್ಕೇ ಅವನದು ಒಂದೇ ಮಾತು: ಬಾಗಿಲ ಪಕ್ಕ ಯಾವುದು ನಿಂತಿದೆಯೋ ಅದನ್ನೇ ಒಯ್ಯಬೇಕು. ಹೀಗೆ ಎಲ್ಲ ಕುದುರೆಗೂ ಸರದಿ ಬರುತ್ತಿತ್ತು. 1712ರ 'ಸ್ಪೆಕ್ಟೇಟರ್' ಪತ್ರಿಕೆ ಈ ಕತೆ ಹೇಳುತ್ತದೆ. ಲಾಯದಲ್ಲಿ 40 ಕುದುರೆ ಇದ್ದವಂತೆ.

ಅವನು 1631ರಲ್ಲಿ ತೀರಿಕೊಂಡಾಗ ಇಲ್ಲೇ ಓದುತ್ತಿದ್ದ ಕವಿ ಮಿಲ್ಟನ್ ತಮಾಷೆಯಾಗಿ ಎರಡು ಪದ್ಯ ಬರೆದ. ಪ್ಲೇಗಿನಿಂದ ಲಂಡನ್ ಓಡಾಟ ನಿಂತಿತ್ತು, ಸುಮ್ನೆ ಕೂತಿದ್ದಕ್ಕೇ ಮುದುಕ ಸತ್ತ ಅನ್ನುವ ಧಾಟಿಯಲ್ಲಿ.

ಹಾಬ್ಸನ್ ಹೆಸರು ಈಗ ಹೆಚ್ಚಾಗಿ ಗೊಣಗುವಾಗಲೇ ಕೇಳಿಬರುತ್ತದೆ. ನನಗಂತೂ ಅವನ ನಿಯಮವೇ ಸರಿ ಅನಿಸುತ್ತದೆ. ಇಲ್ಲಿನ ರೈಲ್ವೆ ಸ್ಟೇಷನ್ ಮುಂದೆ ಟ್ಯಾಕ್ಸಿಗಳ ಸಾಲಿದೆ. ಜನ ತಲೆ ಕೆಡಿಸಿಕೊಳ್ಳದೆ ಮುಂದಿನದನ್ನು ಹತ್ತುತ್ತಾರೆ. ನಮಗೆ ಅದು ಅಷ್ಟು ಸುಲಭವಲ್ಲ. ಬೆಂಡೆಕಾಯಿಯ ತುದಿ ಮುರಿದು ನೋಡದೆ ತಕ್ಕಡಿಗೆ ಹಾಕಿಸುವವರು ನಾವಲ್ಲ, ಅಲ್ವಾ? ಆರಿಸುವುದೇ ಜಾಣತನ ಅಂತ ಮನೆಯಲ್ಲೇ ಕಲಿತಿರುತ್ತೇವೆ. ತರಕಾರಿಗೆ ಅದು ಸರಿ. ಆದರೆ ಆಟೋ ಸ್ಟ್ಯಾಂಡಿನಲ್ಲೂ ಮುಂದಿನವರನ್ನು ಬಿಟ್ಟು ಹಿಂದಿನ ಹೊಸ ಗಾಡಿಗೆ ಕೈ ತೋರಿಸುತ್ತೇವಲ್ಲ, ಆಗ ಬೆಳಗ್ಗೆಯಿಂದ ಸಾಲಿನಲ್ಲಿ ನಿಂತವರ ಗತಿ?

ಈಗ ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳು ಹತ್ತಿರದ ಆಟೋವನ್ನೇ ಗೊತ್ತುಮಾಡುತ್ತವೆ. ಹಾಬ್ಸನ್ ಲೆಕ್ಕವೇ. ಆದರೆ ಎಲ್ಲಿಗೆ ಅಂತ ಕೇಳಿ ಡ್ರೈವರೇ ಕ್ಯಾನ್ಸಲ್ ಮಾಡುತ್ತಾರೆ. ಪಾಪ, ಹಾಬ್ಸನ್ನನ ಕುದುರೆಗಳಿಗೆ ಆ ಭಾಗ್ಯ ಇರಲಿಲ್ಲ.