ಇಂಟು ಹಾಕಿ ಗೆಲ್ಲಿಸುವ ದೇಶ

ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇಂಟು ಮಾರ್ಕಿನ ಅರ್ಥ ಒಂದೇ: ಉತ್ತರ ತಪ್ಪು. ಬ್ರಿಟನ್ನಿನಲ್ಲಿ ಅದೇ ಇಂಟನ್ನು ಒಬ್ಬರ ಹೆಸರಿನ ಮುಂದೆ ಹಾಕಿದರೆ ಅವರನ್ನು ಪಾರ್ಲಿಮೆಂಟಿಗೆ ಕಳಿಸಿದ ಹಾಗೆ. ಮೊದಲ ಸಲ ಇದು ವಿಚಿತ್ರ ಅನ್ನಿಸುತ್ತದೆ. ಒಂದೆರಡು ಚುನಾವಣೆ ಕಂಡ ಮೇಲೆ ಮೇಷ್ಟ್ರು ಹೇಳಿಕೊಟ್ಟ ಅರ್ಥವೇ ಸರಿ ಇರಬಹುದು ಅನ್ನಿಸತೊಡಗುತ್ತದೆ.

ಈ ಇಂಟು ಹಾಕುವ ಹಕ್ಕು ತಮಗೂ ಇದೆ ಅನ್ನುವುದು ಅಲ್ಲಿರುವ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಆ ದೇಶಗಳ ಪ್ರಜೆಗಳಿಗೆ ಬ್ರಿಟನ್ನಿನಲ್ಲಿ ಮತದ ಹಕ್ಕಿದೆ. ವೀಸಾ ಊರ್ಜಿತವಾಗಿದ್ದು, ಅಲ್ಲೇ ವಾಸವಿದ್ದು, 18 ತುಂಬಿದ್ದರೆ ಸಾಕು. ಒಂದು ವರ್ಷದ ಎಂಎಸ್‌ಸಿಗೆಂದು ಲೆಸ್ಟರ್‌ಗೆ ಬಂದ ಹುಡುಗ ಬ್ರಿಟನ್ನನ್ನು ಯಾರು ಆಳಬೇಕು ಅನ್ನುವುದರಲ್ಲಿ ಬಾಯಿ ಹಾಕಬಹುದು. ಪಕ್ಕದ ಮನೆಯಲ್ಲಿ ಮೂವತ್ತು ವರ್ಷದಿಂದ ತೆರಿಗೆ ಕಟ್ಟುತ್ತಿರುವ ಫ್ರೆಂಚ್ ಹೆಂಗಸು, ಬ್ರಿಟಿಷ್ ಪೌರತ್ವ ಪಡೆಯದಿದ್ದರೆ, ಸುಮ್ಮನೆ ನೋಡುತ್ತಾ ಕೂರಬೇಕು. ಅದೇ ಹುಡುಗ ಚಿಕ್ಕಮಗಳೂರಿನ ತನ್ನ ಮತಗಟ್ಟೆಯಲ್ಲಿ ವೋಟು ಹಾಕಬೇಕಾದರೆ ವಿಮಾನ ಹತ್ತಿ ಖುದ್ದಾಗಿ ಬರಬೇಕು. ಅನಿವಾಸಿ ಭಾರತೀಯರಿಗೆ ಅಂಚೆ ಮತವಿಲ್ಲ. ಆಳಿಸಿಕೊಂಡ ಅಷ್ಟು ವರ್ಷಗಳ ಬಡ್ಡಿ ಈಗ ಬರುತ್ತಿದೆ ಅಂದುಕೊಂಡರೆ ಮನಸ್ಸಿಗೆ ಹಗುರ.

ಹೆಸರು ನೋಂದಾಯಿಸುವುದು ಸುಲಭ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸಕ್ಕೂ ತೆರಿಗೆಗೂ ಸರ್ಕಾರ ಕೊಡುವ ಸಂಖ್ಯೆ) ಕೈಯಲ್ಲಿದ್ದರೆ ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಮುಗಿಸಿರಬೇಕು, ಅಷ್ಟೆ. ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ: ಯಾರಿಗೆ ಹಾಕುವುದು?

ಪ್ರಣಾಳಿಕೆಗಳನ್ನೆಲ್ಲ ಓದಿ, ಮೆಚ್ಚಿದ ಪಕ್ಷಕ್ಕೆ ಹಾಕುವುದು ಅಂತ ಯಾರಾದರೂ ಅಂದರೆ ಅವರು ಹೊಸಬರು ಎಂದು ತಿಳಿಯಬೇಕು. ಅನುಭವಸ್ಥರ ಕ್ರಮವೇ ಬೇರೆ. ಮೊದಲು, ಯಾರು ಗೆಲ್ಲುವುದು ತನಗೆ ಸುತರಾಂ ಇಷ್ಟವಿಲ್ಲ ಎಂದು ಗೊತ್ತುಮಾಡಿಕೊಳ್ಳಬೇಕು. ಆಮೇಲೆ ಅವರನ್ನು ಈ ಕ್ಷೇತ್ರದಲ್ಲಿ ಸೋಲಿಸುವ ತಾಕತ್ತು ಯಾರಿಗಿದೆ ಎಂದು ಪತ್ತೆ ಮಾಡಬೇಕು. ಆಮೇಲೆ ಆ ಮನುಷ್ಯನನ್ನು ಸಹಿಸಿಕೊಳ್ಳಲು ಮನಸ್ಸನ್ನು ಒಪ್ಪಿಸಬೇಕು. ತನ್ನ ಮೆಚ್ಚಿನ ಪಕ್ಷದ ವಿಚಾರ ಬರುವುದು ಇದೆಲ್ಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ರಾತ್ರಿ ಹತ್ತಾಗಿ ಮತಗಟ್ಟೆಯ ಬಾಗಿಲು ಹಾಕಿರುತ್ತಾರೆ.

ಇಷ್ಟೆಲ್ಲ ಸರ್ಕಸ್ಸಿಗೆ ಕಾರಣ ಲೆಕ್ಕ. 650 ಕ್ಷೇತ್ರ, ಒಂದೊಂದರಲ್ಲೂ ಉಳಿದವರಿಗಿಂತ ಒಂದೇ ವೋಟು ಹೆಚ್ಚು ಬಂದವರಿಗೆ ಪೂರ್ತಿ ಕ್ಷೇತ್ರ. ನಮ್ಮಲ್ಲೂ ಹಾಗೇ ಅಲ್ಲವೇ ಅಂದರೆ ಹೌದು, ಪಾಠ ಕಲಿತದ್ದೇ ಅವರಿಂದ. ಆದರೆ ಗುರುವಿನ ಮನೆಯ ಲೆಕ್ಕವನ್ನು ಒಮ್ಮೆ ನೋಡಬೇಕು. 2019ರಲ್ಲಿ ಲೇಬರ್ ಪಕ್ಷಕ್ಕೆ ಬಿದ್ದದ್ದು ಒಂದು ಕೋಟಿ ಎರಡು ಲಕ್ಷಕ್ಕೂ ಹೆಚ್ಚು ವೋಟು, ಸಿಕ್ಕಿದ ಸೀಟು 202. ಹೀನಾಯ ಸೋಲು ಎಂದು ನಾಯಕ ಇಳಿದರು. 2024ರಲ್ಲಿ ಬಿದ್ದದ್ದು 97 ಲಕ್ಷ, ಸಿಕ್ಕಿದ ಸೀಟು 411; ಐತಿಹಾಸಿಕ ಗೆಲುವು ಎಂದು ನಾಯಕ ಪ್ರಧಾನಿಯಾದರು. ಅದೇ ಸಲ ರಿಫಾರ್ಮ್ ಪಕ್ಷ 41 ಲಕ್ಷ ವೋಟು ತಂದು 5 ಸೀಟು ಪಡೆಯಿತು, ಲಿಬರಲ್ ಡೆಮಾಕ್ರಾಟರು 35 ಲಕ್ಷ ತಂದು 72 ಪಡೆದರು. ತರಕಾರಿ ಮಾರ್ಕೆಟ್ಟಿನಲ್ಲಿ ಯಾರಾದರೂ ಹೀಗೆ ತೂಗಿದ್ದರೆ ತಕ್ಕಡಿ ಸಮೇತ ಎತ್ತಿಕೊಂಡು ಹೋಗುತ್ತಿದ್ದರು. ಸೌತ್ ವೆಸ್ಟ್ ನಾರ್ಫಕ್‌ನಲ್ಲಿ ಮಾಜಿ ಪ್ರಧಾನಿ ಲಿಜ್ ಟ್ರಸ್ ಅವರನ್ನು 630 ವೋಟಿನಿಂದ ಸೋಲಿಸಿದ ಅಭ್ಯರ್ಥಿಗೆ ಬಂದದ್ದು ನೂರಕ್ಕೆ 26.7. ಅಂದರೆ ನಾಲ್ವರಲ್ಲಿ ಹತ್ತಿರ ಹತ್ತಿರ ಮೂವರಿಗೆ ಅವರು ಬೇಡವಾಗಿತ್ತು. ಟ್ರಸ್ ಇನ್ನೂ ಸ್ವಲ್ಪ ಜಾಸ್ತಿ ಬೇಡವಾಗಿದ್ದರು.

ಹಾಗಂತ ಪದ್ಧತಿ ಬದಲಿಸಿ ಅಂತ ಕೇಳಲಿಲ್ಲವೇ? ಕೇಳಿದರು. 2011ರ ಜನಮತಗಣನೆಯಲ್ಲಿ ನೂರಕ್ಕೆ 68ರಷ್ಟು ಜನ ಬೇಡ ಅಂದರು. ಬೇಡ ಅನ್ನುವುದಕ್ಕೂ ಇಂಟನ್ನೇ ಹಾಕಿದರು.

ಈಗ ಎರಡನೇ ಹೆಜ್ಜೆಗೆ, ಅಂದರೆ ಸೋಲಿಸುವ ತಾಕತ್ತು ಯಾರಿಗಿದೆ ಎಂಬ ಪತ್ತೇದಾರಿಗೆ ಬರೋಣ. ಇದಕ್ಕೆ ಬೇಕಾದ ಮಾಹಿತಿ ಬಾಗಿಲ ಸಂದಿಯಿಂದ ಕರಪತ್ರವಾಗಿ ತಾನೇ ಒಳಗೆ ಬಂದು ಬೀಳುತ್ತದೆ. ಅದರಲ್ಲಿ ಒಂದು ಬಾರ್ ಚಾರ್ಟು. ಎರಡು ಕಂಬ ಆಳೆತ್ತರ, ಮೂರನೆಯದು ಕುಂಬಳಕಾಯಿ ಗಾತ್ರ. ಅದರ ಮೇಲೆ ಬಾಣದ ಗುರುತು ಹಾಕಿ 'ಇವರು ಇಲ್ಲಿ ಗೆಲ್ಲುವುದೇ ಇಲ್ಲ' ಎಂಬ ಒಕ್ಕಣೆ. ಈ ಕಲೆಯಲ್ಲಿ ಎಲ್ಲ ಪಕ್ಷಗಳೂ ಕೈ ಪಳಗಿಸಿವೆ, ಆದರೆ ಲಿಬರಲ್ ಡೆಮಾಕ್ರಾಟರದು ಘರಾನಾ. ಅವರ ಕಂಬಗಳನ್ನು ಸ್ಕೇಲ್ ಹಿಡಿದು ಅಳೆಯುವುದೇ ಒಂದು ಹವ್ಯಾಸವಾಗಿರುವವರಿದ್ದಾರೆ. ಅಳೆಯಬೇಕಾದ್ದೂ ಹಾಗೆಯೇ: ಮೊದಲು ಕಂಬದ ಬುಡ ಸೊನ್ನೆಯಿಂದ ಶುರುವಾಗಿದೆಯೇ ನೋಡಿ. ಆಮೇಲೆ ಕಂಬದ ಎತ್ತರಕ್ಕೂ ಮೇಲೆ ಬರೆದ ಸಂಖ್ಯೆಗೂ ಏನಾದರೂ ಸಂಬಂಧವಿದೆಯೇ ನೋಡಿ. ಕೊನೆಗೆ ಕನ್ನಡಕ ಹಾಕಿಕೊಂಡು ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರ ಓದಿ. ಸಂಖ್ಯೆ ಹಿಂದಿನ ಸಾರ್ವತ್ರಿಕ ಚುನಾವಣೆಯದ್ದೋ, ಒಂದು ವಾರ್ಡಿನ ಕೌನ್ಸಿಲ್ ಚುನಾವಣೆಯದ್ದೋ, ಯಾವುದೋ ಸಮೀಕ್ಷೆಯದ್ದೋ ಎಂಬ ಗುಟ್ಟು ಅಲ್ಲಿರುತ್ತದೆ.

2024ರಲ್ಲಿ ಇನ್ನೊಂದು ತಮಾಷೆ. ಕ್ಷೇತ್ರಗಳ ಗಡಿ ಹೊಸದಾಗಿ ಎಳೆದಿದ್ದರಿಂದ ಬಹಳ ಕಡೆ 'ಹಿಂದಿನ ಫಲಿತಾಂಶ' ಎನ್ನುವುದೇ ಇರಲಿಲ್ಲ. ತಜ್ಞರು ಕೂತು, ಹೊಸ ಗಡಿಯಲ್ಲಿ 2019ರ ಚುನಾವಣೆ ನಡೆದಿದ್ದರೆ ಏನಾಗುತ್ತಿತ್ತು ಎಂದು ಅಂದಾಜು ಕಟ್ಟಿದರು. ನಡೆಯದ ಚುನಾವಣೆಯಲ್ಲಿ ಸೋತವರು, ಮುಂದೆ ನಡೆಯುವ ಚುನಾವಣೆಯಲ್ಲೂ ಗೆಲ್ಲುವುದಿಲ್ಲ ಎಂದು ಕರಪತ್ರ ಅಚ್ಚಾಯಿತು.

ಕರಪತ್ರ ನಂಬದವರಿಗೆ ಟ್ಯಾಕ್ಟಿಕಲ್ ವೋಟಿಂಗ್ (ಮೆಚ್ಚಿದವರ ಬದಲು, ಬೇಡದವರನ್ನು ಸೋಲಿಸಬಲ್ಲವರಿಗೆ ಹಾಕುವುದು) ವೆಬ್‌ಸೈಟುಗಳಿವೆ. ಪಿನ್‌ಕೋಡ್ ಒತ್ತಿದರೆ ಯಾರಿಗೆ ಹಾಕಬೇಕೆಂದು ಹೇಳುತ್ತವೆ, ನಾಡಿಗ್ರಂಥದ ಜ್ಯೋತಿಷಿಯ ಹಾಗೆ. ಇಬ್ಬರು ಜ್ಯೋತಿಷಿಗಳ ಹತ್ತಿರ ಹೋದರೆ ಆಗುವ ಗತಿ ಇಲ್ಲೂ ಆಗುತ್ತದೆ. 2019ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಕನ್ಸರ್ವೇಟಿವ್ ಪಕ್ಷವನ್ನು ತಡೆಯಬೇಕೆಂದವರಿಗೆ ಈ ಸೈಟುಗಳು ಒಂದೇ ಮಾತು ಹೇಳಲಿಲ್ಲ. ಒಂದು ಲೇಬರ್ ಅಂದರೆ ಇನ್ನೊಂದು ಲಿಬರಲ್ ಡೆಮಾಕ್ರಾಟ್ (ಲಿಬ್ ಡೆಮ್) ಅಂದಿತು. ಲಿಬ್ ಡೆಮ್ 9,312 ವೋಟು ಪಡೆದು ಮೂರನೇ ಸ್ಥಾನಕ್ಕೆ ಬಂತು. ಲೇಬರ್ ಸೋತದ್ದು 150 ವೋಟಿನಿಂದ. ಗೆದ್ದದ್ದು ಕನ್ಸರ್ವೇಟಿವ್. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದು.

ಕೆಲವು ಕ್ಷೇತ್ರಗಳಲ್ಲಿ ಇಷ್ಟು ತಲೆಬಿಸಿಯೂ ಇಲ್ಲ. ಚೋರ್ಲಿಯಿಂದ ನಿಲ್ಲುವವರು ಪಾರ್ಲಿಮೆಂಟಿನ ಸಭಾಧ್ಯಕ್ಷರು, ಅಂದರೆ ಸ್ಪೀಕರ್. ಸಂಪ್ರದಾಯದಂತೆ ದೊಡ್ಡ ಪಕ್ಷಗಳು ಅವರೆದುರು ಅಭ್ಯರ್ಥಿ ಹಾಕುವುದಿಲ್ಲ. ಅಲ್ಲಿನ ಮತದಾರರಿಗೆ ಸರ್ಕಾರವನ್ನು ಆರಿಸುವ ಕಷ್ಟದಿಂದ ವಿನಾಯಿತಿ. ಉತ್ತರ ಐರ್ಲೆಂಡಿನಲ್ಲಿ ಶಿನ್ ಫೇನ್ ಪಕ್ಷಕ್ಕೆ ಹಾಕಿದರೆ ಗೆದ್ದವರು ಪಾರ್ಲಿಮೆಂಟಿನಲ್ಲಿ ಕೂರುವುದೇ ಇಲ್ಲ, ಅದು ಅವರ ನೀತಿ. 2024ರಲ್ಲಿ ಹಾಗೆ ಏಳು ಜನ ಗೆದ್ದು ಹೊರಗುಳಿದರು. ಗೆದ್ದ ಮೇಲೆ ಮುಖ ತೋರಿಸದ ಪ್ರತಿನಿಧಿಗಳು ನಮ್ಮಲ್ಲೂ ಇದ್ದಾರೆ, ಆದರೆ ಮೊದಲೇ ಹೇಳಿ ನಿಲ್ಲುವ ಪ್ರಾಮಾಣಿಕತೆ ಎಲ್ಲಿ?

ಯಾರೂ ಬೇಡ ಅನ್ನುವವರಿಗೆ ನೋಟಾ ಇಲ್ಲ. ಆ ಕೊರತೆ ನೀಗಲು 500 ಪೌಂಡ್ ಠೇವಣಿ ಮತ್ತು ಹತ್ತು ಮಂದಿ ಸೂಚಕರನ್ನು ಹೊಂದಿಸಿಕೊಂಡ ಪುಣ್ಯಾತ್ಮರಿರುತ್ತಾರೆ. 2024ರಲ್ಲಿ ರಿಚ್ಮಂಡ್ ಅಂಡ್ ನಾರ್ತಲರ್ಟನ್‌ನಲ್ಲಿ ಪ್ರಧಾನಿ ರಿಷಿ ಸುನಕ್ (ಅಳಿಯ ಅಲ್ಲ, ಮಗಳ ಗಂಡ, ಇನ್ಫೋಸಿಸ್ ಮನೆತನದ್ದು) ಎದುರು ತಲೆಗೆ ಕಸದ ಡಬ್ಬಿ ತೊಟ್ಟ ಕೌಂಟ್ ಬಿನ್‌ಫೇಸ್ ನಿಂತಿದ್ದರು. ಅದೇ ವರ್ಷ ಲಂಡನ್ ಮೇಯರ್ ಚುನಾವಣೆಯಲ್ಲಿ ಕ್ರೋಸಾಂಟ್ ಎಂಬ ಬನ್ನಿನ ಬೆಲೆ 1.10 ಪೌಂಡ್ ದಾಟಬಾರದು ಎಂದು ಭರವಸೆ ಕೊಟ್ಟವರು ಇವರೇ. ಸುನಕ್ ಎದುರು 308 ವೋಟು ಬಂತು. ನೂರಕ್ಕೆ ಐದು ಬಾರದಿದ್ದರೆ ಠೇವಣಿ ಹೋಯಿತು. ಕೊಟ್ಟ ಭರವಸೆ ಮುರಿಯುವ ಅವಕಾಶವೇ ಬಾರದ ಅಪರೂಪದ ರಾಜಕಾರಣಿ.

ತೀರ್ಮಾನವಾಯಿತು ಅಂದುಕೊಳ್ಳಿ. ಇನ್ನು ಗುರುತಿನ ಚೀಟಿ. ಬೋರಿಸ್ ಜಾನ್ಸನ್ ಅವರ ಕನ್ಸರ್ವೇಟಿವ್ ಸರ್ಕಾರ 2022ರಲ್ಲಿ ತಂದ ಕಾಯ್ದೆಯ ಪ್ರಕಾರ ಫೋಟೋ ಇರುವ ದಾಖಲೆ ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಫೋಟೋ ಹೋಲುತ್ತಿದ್ದರೆ ಅವಧಿ ಮುಗಿದಿದ್ದರೂ ಸರಿ. ಆಧಾರ್ ಮನೆಯಲ್ಲಿರಲಿ, ಫೋನಿನಲ್ಲಿರುವ ಫೋಟೋ ಕೂಡ. ಅಜ್ಜಂದಿರ ಬಸ್ ಪಾಸ್ ನಡೆಯುತ್ತದೆ, ವಿದ್ಯಾರ್ಥಿಗಳ ಆಯ್ಸ್ಟರ್ ಕಾರ್ಡ್ (ಲಂಡನ್ನಿನ ಬಸ್ಸು, ರೈಲಿನ ಪಾಸ್) ನಡೆಯುವುದಿಲ್ಲ. ಯಾಕೆ ಅಂತ ಕೇಳಬಾರದು. ಕಾಯ್ದೆ ಬಂದ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಜೇಕಬ್ ರೀಸ್-ಮಾಗ್ 2023ರಲ್ಲಿ ತಾವೇ ಬಾಯಿಬಿಟ್ಟರು: ಜಾಣತನ ಮಾಡಲು ಹೋದ ಯೋಜನೆ ತಿರುಗಿ ಕಚ್ಚಿತು, ಚೀಟಿ ಇಲ್ಲದೆ ಬಂದ ವಯಸ್ಸಾದವರು ನಮ್ಮ ಪಕ್ಷದವರೇ ಆಗಿದ್ದರು ಎಂದು. ಇನ್ನೂ ಅನುಮಾನವಿದ್ದರೆ 2024ರ ಮೇ 2ರ ಸ್ಥಳೀಯ ಚುನಾವಣೆ ನೋಡಿ. ಆಕ್ಸ್‌ಫರ್ಡ್‌ಶೈರಿನ ಒಂದು ಮತಗಟ್ಟೆಯಿಂದ ಚೀಟಿ ತಂದಿಲ್ಲ ಎಂದು ವಾಪಸು ಕಳಿಸಿದ ಮತದಾರರ ಹೆಸರು ಬೋರಿಸ್ ಜಾನ್ಸನ್. ಮನೆಗೆ ಹೋಗಿ ಚೀಟಿ ತಂದು ಹಾಕಿದರು.

ಚೀಟಿ ಕೇಳುತ್ತಾರೆ, ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಮೈಸೂರಿನ ಕಾರ್ಖಾನೆಯ ಶಾಯಿ ಎಷ್ಟೋ ದೇಶಗಳಿಗೆ ಹೋಗುತ್ತದೆ, ಬ್ರಿಟನ್ನಿಗೆ ಬೇಕಾಗಿಲ್ಲ. ಎರಡು ಊರಿನಲ್ಲಿ ಹೆಸರಿರುವ ವಿದ್ಯಾರ್ಥಿ ಸಾರ್ವತ್ರಿಕ ಚುನಾವಣೆಯಲ್ಲಿ ಒಂದೇ ಕಡೆ ಹಾಕಬೇಕು ಎಂಬುದು ಕಾನೂನು. ಬೆರಳು ಮಾತ್ರ ಎರಡೂ ಕಡೆ ಸ್ವಚ್ಛ.

ಅಂಚೆಯಲ್ಲಿ ಕಳಿಸುವವರು ಎಡವುವ ಜಾಗ ಒಂದಿದೆ. ಘೋಷಣಾ ಪತ್ರದಲ್ಲಿ ಹುಟ್ಟಿದ ತಾರೀಖು ಕೇಳಿದ್ದಾರೆ, ಜನ ಅವತ್ತಿನ ತಾರೀಖು ಬರೆಯುತ್ತಾರೆ. ಅವತ್ತೇ ಹುಟ್ಟಿದವರಿಗೆ ಮತದಾನದ ವಯಸ್ಸಾಗಿಲ್ಲವಲ್ಲ, ವೋಟು ತಿರಸ್ಕೃತ. ಮತಪತ್ರ ಸಣ್ಣ ಲಕೋಟೆಯೊಳಗೆ, ಸಹಿ ಹಾಕಿದ ಘೋಷಣಾ ಪತ್ರ ಆ ಲಕೋಟೆಯ ಹೊರಗೆ, ಎರಡೂ ಸೇರಿ ದೊಡ್ಡ ಲಕೋಟೆಯೊಳಗೆ.

ಖುದ್ದಾಗಿ ಹೋಗುವವರಿಗೆ ಚರ್ಚಿನ ಹಾಲಿನಲ್ಲೋ, ಕೆಲವು ಕಡೆ ಪಬ್ಬಿನಲ್ಲೋ, ದಾರ ಕಟ್ಟಿದ ಪೆನ್ಸಿಲ್ ಕಾದಿರುತ್ತದೆ. ಪೆನ್ಸಿಲ್ ಯಾಕೆ, ರಾತ್ರಿ ಅಳಿಸುತ್ತಾರೆಯೇ ಎಂದು ಗುಮಾನಿ ಪಡುವವರು ಪ್ರತಿ ಸಲವೂ ಇರುತ್ತಾರೆ. ಪೆನ್ನಿನ ಶಾಯಿ ಮಡಿಸಿದಾಗ ಇನ್ನೊಂದು ಹೆಸರಿನ ಮೇಲೆ ಮೆತ್ತಿಕೊಳ್ಳಬಾರದು ಎಂಬುದಷ್ಟೇ ಗುಟ್ಟು. ಸ್ವಂತ ಪೆನ್ನು ತಂದರೂ ಬೇಡ ಅನ್ನುವವರಿಲ್ಲ.

ಇಂಟೇ ಹಾಕಬೇಕೆಂದೂ ಇಲ್ಲ. ಹೆಸರು, ಸಹಿ ಬರೆದು ಯಾರೆಂದು ಗೊತ್ತಾಗುವಂತೆ ಮಾಡಬಾರದು, ಇಬ್ಬರ ಮುಂದೆ ಗುರುತು ಹಾಕಬಾರದು. ಒಂದೇ ಚೌಕದೊಳಗೆ ಉದ್ದೇಶ ಸ್ಪಷ್ಟವಾಗಿದ್ದರೆ ಸಾಕು. 2015ರಲ್ಲಿ ವೇಲ್ಸಿನ ಮಾಂಟ್ಗಮರಿಶೈರ್‌ನಲ್ಲಿ ಒಬ್ಬ ಮತದಾರ ಕನ್ಸರ್ವೇಟಿವ್ ಅಭ್ಯರ್ಥಿ ಗ್ಲಿನ್ ಡೇವಿಸ್ ಹೆಸರಿನ ಮುಂದಿನ ಚೌಕದಲ್ಲಿ, ಇಂಟಿನ ಬದಲು, ಪಾಯಿಖಾನೆಯ ಗೋಡೆ ಮೇಲೆ ಬರೆಯುವಂಥ ಗಂಡಸಿನ ಅಂಗದ ಚಿತ್ರವನ್ನು ಸವಿವರವಾಗಿ ಬಿಡಿಸಿದ. ಒಂದು ಗೆರೆಯೂ ಚೌಕದ ಆಚೆ ಹೋಗಿರಲಿಲ್ಲ. ಚುನಾವಣಾಧಿಕಾರಿ ನೋಡಿ, ಮತ ಸಿಂಧು ಎಂದು ಡೇವಿಸ್ ಲೆಕ್ಕಕ್ಕೆ ಸೇರಿಸಿದರು. ಡೇವಿಸ್ ಆಮೇಲೆ ಕಲಾವಿದನಿಗೆ ಕೃತಜ್ಞತೆ ಹೇಳಿದರು.